ಯಜಮಾನರು ಫೆಡರಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿದ್ದಾರೆ, ಜೈಲಿಗೆ ಹೋಗುವ ಮುಂಚೆ ಏನೇನು ಮಾಡಿಕೊಳ್ಳಬೇಕು?

ಕಲ್ಪತರು ಸೊಸೆ:

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಊರು ತಿಪಟೂರು. ಇದನ್ನು ಇಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಹೆಸರು ಹಾಕದೆ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಡಾಕ್ಟರುಗಳಿಗೆ ಬಿಲ್ಲಿಂಗ್ ಮಾಡಿಕೊಡುವ ಸಣ್ಣ ಕಂಪನಿ ನಡೆಸುತ್ತಿದ್ದರು. ನಡೆಯದ ಭೇಟಿಗಳಿಗೆಲ್ಲ ಮೆಡಿಕೇರ್‌ಗೆ (ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಬಿಲ್ ಹೋಗಿದೆ. ಇವರಿಗೆ ಗೊತ್ತಿತ್ತು. ಅದನ್ನು ನಾನು ಮುಚ್ಚಿಡುವುದಿಲ್ಲ. ಮೂರು ವಾರದ ಹಿಂದೆ ತಪ್ಪೊಪ್ಪಿಕೊಂಡರು. ನಷ್ಟ ಸುಮಾರು ಆರು ಲಕ್ಷ ಡಾಲರ್ ಎಂದು ಎರಡೂ ಕಡೆ ಒಪ್ಪಿದ್ದಾರೆ. ಎಲ್ಲ ಕಳೆದು 18ರಿಂದ 24 ತಿಂಗಳ ಲೆಕ್ಕ ಬರಬಹುದು ಅಂತ ಲಾಯರ್ ಹೇಳಿದರು. ಶಿಕ್ಷೆ ಹೇಳುವುದು ಇನ್ನು ಮೂರು ತಿಂಗಳಿಗೆ. ಅದಕ್ಕೂ ಮುಂಚೆ ಕೋರ್ಟಿನ ಪ್ರೊಬೇಷನ್ ಆಫೀಸರ್ ಒಬ್ಬರು ಇವರ ಜೊತೆ ಮಾತಾಡುತ್ತಾರಂತೆ, ಅದು ಇನ್ನು ಹನ್ನೆರಡು ದಿನಕ್ಕೆ ಇದೆ. "ಅದೇನು ದೊಡ್ಡ ವಿಷಯ ಅಲ್ಲ, ಬರೀ ಫಾರಂ ತುಂಬಿಸುತ್ತಾರೆ" ಅಂದರು ಲಾಯರ್. ನನಗೆ ಯಾಕೋ ಸಮಾಧಾನ ಇಲ್ಲ.

ಮಕ್ಕಳಿಗೆ 13 ಮತ್ತು 8 ವರ್ಷ. ದೊಡ್ಡವಳಿಗೆ ಅರ್ಧ ಗೊತ್ತು. ಊರಲ್ಲಿ ಅತ್ತೆಗೆ ಏನೂ ಗೊತ್ತಿಲ್ಲ, ಅವರಿಗೆ 74. ಇವರು ಶುದ್ಧ ಸಸ್ಯಾಹಾರಿ, ಬಿಪಿ ಮತ್ತು ಸಕ್ಕರೆಗೆ ಮಾತ್ರೆ ತಗೋತಾರೆ, ಕೊರಳಲ್ಲಿ ಲಿಂಗ ಇದೆ. ಅದನ್ನು ಒಳಗೆ ಬಿಡುತ್ತಾರಾ? ಊಟಕ್ಕೆ ಏನು ಮಾಡುತ್ತಾರೆ? ಇವರನ್ನು ಬಲ್ಲವರು ಜಡ್ಜ್‌ಗೆ ಬರೆದ ಪತ್ರಗಳನ್ನು ಕೊಡಿ ಅಂತಲೂ ಲಾಯರ್ ಕೇಳಿದ್ದಾರೆ. ಯಾರಿಂದ ಬರೆಸಬೇಕು, ಏನು ಬರೆಸಬೇಕು? ಗೊತ್ತಿರುವವರು ದಯವಿಟ್ಟು ನೇರವಾಗಿ ಹೇಳಿ. ಸಮಾಧಾನದ ಮಾತು ಬೇಡ, ದಾರಿ ಬೇಕು.

ಹೇಮಾವತಿ ದಂಡೆ:

ತಂಗಿ, ನಾನು ಆ ದಾರಿಯಲ್ಲಿ ನಡೆದು ಬಂದವನು. ನನಗೆ ಆಗಿದ್ದು 30 ತಿಂಗಳು, ಬ್ಯಾಂಕ್ ಸಾಲದ ಮೋಸದ ಕೇಸು, ಇದ್ದಿದ್ದು ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್‌ನಲ್ಲಿ. ಈಗ ಹಾಸನದ ಹತ್ತಿರ ನಮ್ಮ ಹಳ್ಳಿಯಲ್ಲಿದ್ದೇನೆ.

ಮೊದಲು ಆ ಪ್ರೊಬೇಷನ್ ಆಫೀಸರ್ ವಿಷಯ. ಅದು ಬರೀ ಫಾರಂ ಅಲ್ಲ. ಶಿಕ್ಷೆಗೆ ಮುಂಚೆ ಅವರು ಕೋರ್ಟಿಗೆ ಬರೆಯುವ ವರದಿಗೆ ಪಿಎಸ್‌ಆರ್ ಅನ್ನುತ್ತಾರೆ. ಜಡ್ಜ್ ಓದುವುದು ಅದನ್ನೇ. ಶಿಕ್ಷೆ ಆದಮೇಲೆ ಯಾವ ಜೈಲು, ಎಷ್ಟು ಬಿಗಿ, ಯಾವ ಔಷಧ, ಯಾವ ಊರಿನ ಹತ್ತಿರ, ಎಲ್ಲವನ್ನೂ ಜೈಲು ಇಲಾಖೆಯವರು ಅದೇ ಕಾಗದ ನೋಡಿ ನಿರ್ಧರಿಸುತ್ತಾರೆ. ಅವರು ನಿಮ್ಮ ಯಜಮಾನರ ಮುಖ ನೋಡಿರುವುದಿಲ್ಲ. ಟೆಕ್ಸಾಸಿನ ಗ್ರ್ಯಾಂಡ್ ಪ್ರೇರಿಯಲ್ಲಿ ಒಂದು ಕಚೇರಿ ಇದೆ, ಇಡೀ ದೇಶದ ಕೈದಿಗಳಿಗೆ ಜಾಗ ಗೊತ್ತು ಮಾಡುವುದು ಅಲ್ಲಿ ಕೂತವರು. ಅವರ ಮುಂದೆ ಮುಖ್ಯವಾಗಿ ಇರುವುದು ಆ ಕಾಗದವೇ.

ನಾನು ಆ ದಿನ ಮರ್ಯಾದೆಗೆ ಅಂಜಿ ಎಲ್ಲದಕ್ಕೂ "ಚೆನ್ನಾಗಿದ್ದೇನೆ" ಅಂದುಬಿಟ್ಟೆ. ಸಕ್ಕರೆ ಇದೆ ಅಂತ ಹೇಳಿದೆ, ಆದರೆ ಯಾವ ಮಾತ್ರೆ, ಎಷ್ಟು ಎಂ.ಜಿ., ಕಾಲು ಜೋಮು ಹಿಡಿಯುವುದು, ಕೆಳಗಿನ ಬಂಕ್ ಬೇಕು ಅನ್ನುವುದು, ಯಾವುದನ್ನೂ ಹೇಳಲಿಲ್ಲ. ಡಾಕ್ಟರ್ ಕಾಗದ ಕೊಡಲಿಲ್ಲ. ಒಳಗೆ ಹೋದಮೇಲೆ ಅದನ್ನು ಸರಿಪಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಮೇಲಿನ ಬಂಕ್ ಹತ್ತುವಾಗ ಕಾಲು ಎಲ್ಲಿ ಇಡುತ್ತಿದ್ದೇನೆ ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಹನ್ನೆರಡು ದಿನದಲ್ಲಿ ಡಾಕ್ಟರ್ ಹತ್ತಿರ ಹೋಗಿ, ಮಾತ್ರೆಗಳ ಹೆಸರು, ಪ್ರಮಾಣ, ಎಷ್ಟು ವರ್ಷದಿಂದ ಕಾಯಿಲೆ, ಎಲ್ಲಾ ಬರೆಸಿ ತನ್ನಿ. ಮನಸ್ಸಿನ ಕಾಯಿಲೆ ಇದ್ದರೆ ಅದನ್ನೂ. ಕುಡಿತ ಇದ್ದರೆ ಇದ್ದ ಹಾಗೇ ಹೇಳಲಿ, ಮುಚ್ಚುವುದೂ ಬೇಡ, ಇಲ್ಲದ್ದನ್ನು ಹೇಳುವುದೂ ಬೇಡ.

ಮಾತಾಡುವಾಗ ಲಾಯರ್ ಪಕ್ಕದಲ್ಲಿ ಕೂತಿರಲೇಬೇಕು. ಅಪರಾಧದ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವುದಕ್ಕಿಂತ, ಲಾಯರ್ ಜೊತೆ ಕೂತು ಒಂದು ಪುಟ ಬರೆದುಕೊಂಡು ಹೋಗುವುದು ಮೇಲು. ಕರಡು ವರದಿ ಶಿಕ್ಷೆಯ ದಿನಕ್ಕೆ ಕನಿಷ್ಠ 35 ದಿನ ಮುಂಚೆ ನಿಮ್ಮ ಕೈಗೆ ಬರಬೇಕು, ಬಂದ ಮೇಲೆ ತಪ್ಪು ತೋರಿಸಲು 14 ದಿನ. ಆ 14 ದಿನ ಬೇರೆ ಕೆಲಸ ಬಿಟ್ಟು ಸಾಲು ಸಾಲು ಓದಿ. ನಮ್ಮ ಕಡೆಯ ಹೆಸರುಗಳನ್ನು ಅವರು ಹಿಂದುಮುಂದು ಮಾಡಿರುತ್ತಾರೆ. ಮನೆ ವಿಳಾಸ ಸರಿ ಇರಲಿ. ಕಾಯಂ ಮನೆಯ ವಿಳಾಸದಿಂದ 500 ಮೈಲಿ ಒಳಗಿನ ಜೈಲು ಸಿಗುವ ಹಾಗೆ ನೋಡಬೇಕು ಅಂತ ಕಾನೂನು ಇದೆ, ಬೆಡ್ ಖಾಲಿ ಇದ್ದರೆ.

ಆಸ್ತಿ ಫಾರಂ ಕೊಡುತ್ತಾರೆ. ಅದರಲ್ಲಿ ಊರಿನ ಆಸ್ತಿಯೂ ಬರಬೇಕು. ತೆಂಗಿನ ತೋಟದಲ್ಲಿ ಪಾಲು, ಸೊಸೈಟಿಯ ಠೇವಣಿ, ಅಮ್ಮನ ಜೊತೆ ಜಂಟಿ ಖಾತೆ, ಎಲ್ಲವೂ. "ಅದು ಇಂಡಿಯಾದ್ದು, ಇವರಿಗೆ ಹೇಗೆ ಗೊತ್ತಾಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮುಚ್ಚಿಟ್ಟಿದ್ದು ಗೊತ್ತಾದರೆ ತಪ್ಪೊಪ್ಪಿಗೆಗೆ ಸಿಗುವ ರಿಯಾಯಿತಿಯೂ ಹೋಗಬಹುದು, ಶಿಕ್ಷೆಯೂ ಏರಬಹುದು. ಈಗ ತೋಟವನ್ನು ತಮ್ಮನ ಹೆಸರಿಗೆ ಮಾಡಿಸುವ ಕೆಲಸವನ್ನಂತೂ ಮಾಡಲೇಬೇಡಿ.

ಇನ್ನೊಂದು ಕೇಳಲೇಬೇಕು. ಯಜಮಾನರು ಅಮೆರಿಕದ ಪ್ರಜೆಯಾ, ಗ್ರೀನ್ ಕಾರ್ಡಾ? ಇದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕಲ್ಪತರು ಸೊಸೆ:

ಅಣ್ಣಾ, ಗ್ರೀನ್ ಕಾರ್ಡ್. ನಾನು 2019ರಲ್ಲಿ ಪ್ರಜೆಯಾದೆ, ಇವರು ಆಗಲಿಲ್ಲ. ಮುಂದೆ ಊರಿಗೇ ವಾಪಸ್ ಹೋಗಿ ಪಕ್ಕದ ತೋಟ ಕೊಳ್ಳಬೇಕು ಅಂತ ಇಂಡಿಯಾ ಪಾಸ್‌ಪೋರ್ಟನ್ನೇ ಇಟ್ಟುಕೊಂಡರು. ಲಾಯರ್ ಇದರ ಬಗ್ಗೆ "ವಲಸೆ ಇಲಾಖೆಯಿಂದ ಪರಿಣಾಮ ಆಗಬಹುದು" ಅಂತ ಒಂದು ಸಾಲು ಹೇಳಿದ್ದರು, ಅಷ್ಟೇ. ಕೈಕಾಲು ನಡುಗುತ್ತಿದೆ.

ಹೇಮಾವತಿ ದಂಡೆ:

ನನ್ನದೂ ಅದೇ ಕಥೆ ತಂಗಿ. ನೇರವಾಗಿ ಹೇಳಿ ಅಂದಿದ್ದೀರಿ, ಹೇಳುತ್ತೇನೆ.

ಮೋಸದ ಕೇಸಿನಲ್ಲಿ ನಷ್ಟ 10,000 ಡಾಲರ್ ದಾಟಿದರೆ ವಲಸೆ ಕಾನೂನಿನಲ್ಲಿ ಅದಕ್ಕೆ ಅಗ್ರವೇಟೆಡ್ ಫೆಲನಿ ಎಂದು ಹೆಸರು. ಹೆಸರು ಕೇಳಿದರೆ ಕೊಲೆ ಕೇಸಿನ ಹಾಗಿದೆ, ಆದರೆ ಕಾಗದದ ಮೋಸವೂ ಅದರಲ್ಲೇ ಬರುತ್ತದೆ. ಗ್ರೀನ್ ಕಾರ್ಡ್ ಇದ್ದರೂ ದೇಶದಿಂದ ಹೊರಗೆ ಕಳಿಸಬಹುದು. ಹೆಂಡತಿ ಮಕ್ಕಳು ಪ್ರಜೆಗಳು ಅನ್ನುವುದು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ತಪ್ಪೊಪ್ಪಿಗೆಗೆ ಮುಂಚೆ ಇದನ್ನು ಲಾಯರ್ ಸ್ಪಷ್ಟವಾಗಿ ತಿಳಿಸಬೇಕು ಎಂದು 2010ರಲ್ಲಿ ಪಡಿಯಾ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಶಿಕ್ಷೆಯ ದಿನ ಬರುವ ಮುಂಚೆಯೇ, ಈ ವಾರವೇ, ಕ್ರಿಮಿನಲ್ ಕೇಸಿನ ವಲಸೆ ಪರಿಣಾಮ ಗೊತ್ತಿರುವ ಬೇರೆ ಲಾಯರನ್ನು ಕಾಣಿ. ವೀಸಾ ಫಾರಂ ತುಂಬುವವರು ಸಾಲದು.

ಜೈಲಿನ ಮೇಲೂ ಇದರ ಪರಿಣಾಮ ಇದೆ. ಕ್ಯಾಂಪ್ ಅಂತ ಬೇಲಿ ಇಲ್ಲದ ಜೈಲುಗಳಿವೆ. ಗಡೀಪಾರಾಗುವವರಿಗೆ ಸಾಮಾನ್ಯವಾಗಿ ಅಲ್ಲಿಗೆ ಪ್ರವೇಶವಿಲ್ಲ, ಒಂದು ಮೆಟ್ಟಿಲು ಮೇಲಿನ ಲೋ ಎಂಬ ಬೇಲಿಯ ಜಾಗಕ್ಕೆ ಹಾಕುತ್ತಾರೆ. ನಾನಿದ್ದದ್ದು ಅದೇ. ಹೆದರುವಂಥದ್ದಲ್ಲ, ದೊಡ್ಡ ಹಾಸ್ಟೆಲ್ ಹಾಗೆ, ಒಂದೊಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ.

ದಿನಗಳ ಲೆಕ್ಕವನ್ನೂ ಸರಿಯಾಗಿ ತಿಳಿದುಕೊಳ್ಳಿ. 1987ರ ನವೆಂಬರ್ ನಂತರದ ಕೇಸುಗಳಿಗೆ ಫೆಡರಲ್‌ನಲ್ಲಿ ಪೆರೋಲ್, ಅಂದರೆ ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುವುದು, ಇಲ್ಲ. ನಮ್ಮಲ್ಲಿ ಸನ್ನಡತೆ ಮೇಲೆ ಬಿಡುಗಡೆ ಅಂತ ಪೇಪರಲ್ಲಿ ಓದುತ್ತೀವಲ್ಲ, ಸರ್ಕಾರ ಕರುಣೆ ತೋರಿಸುವುದು, ಅಲ್ಲಿ ಹಾಗಲ್ಲ, ಲೆಕ್ಕ ಇದೆ. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನ ಕಳೆಯುತ್ತಾರೆ. 2018ರ ಫಸ್ಟ್ ಸ್ಟೆಪ್ ಕಾನೂನಿನಿಂದ ತರಗತಿ, ಕೆಲಸ ಮಾಡಿದರೆ 30 ದಿನಕ್ಕೆ 10 ದಿನ, ಮುಂದೆ 15 ದಿನದವರೆಗೂ ಸಿಗುತ್ತದೆ. ಆದರೆ ಗಡೀಪಾರಿನ ಅಂತಿಮ ಆದೇಶ ಇರುವವರಿಗೆ ಆ ದಿನಗಳು ಬಳಕೆಗೆ ಬರುವುದಿಲ್ಲ. ಒಳಗೆ ಇರುವಾಗಲೇ ವಲಸೆಯವರು ಕಾಗದ ಹಿಡಿದು ಸಹಿ ಕೇಳಲು ಬರಬಹುದು. ಲಾಯರನ್ನು ಕೇಳದೆ ಸಹಿ ಹಾಕಬೇಡಿ ಎಂದು ಯಜಮಾನರಿಗೆ ಈಗಲೇ ಹೇಳಿಡಿ. ವ್ಯಸನಮುಕ್ತಿಯ ಕೋರ್ಸ್ ಮಾಡಿದರೆ ಒಂದು ವರ್ಷದವರೆಗೆ ಕಡಿಮೆಯಾಗುತ್ತದೆ ಅಂತಲೂ ಯಾರಾದರೂ ಹೇಳುತ್ತಾರೆ. ನಿಜ, ಆದರೆ ವಲಸೆ ಇಲಾಖೆಯ ಡಿಟೇನರ್ (ಶಿಕ್ಷೆ ಮುಗಿದ ಮೇಲೆ ನಮಗೆ ಒಪ್ಪಿಸಿ ಎನ್ನುವ ನೋಟಿಸ್) ಬಿದ್ದವರಿಗೆ ಆ ಕಡಿತ ಇಲ್ಲ.

ನನ್ನ ಶಿಕ್ಷೆ ಮುಗಿದ ದಿನ ಗೇಟಿನಲ್ಲಿ ವಲಸೆ ಇಲಾಖೆಯ ವ್ಯಾನ್ ನಿಂತಿತ್ತು. ಮನೆಯವರು ಅಲ್ಲಿ ಇರಲಿಲ್ಲ. ಪಾಸ್‌ಪೋರ್ಟ್ ಅವಧಿ ಮುಗಿದಿದ್ದರಿಂದ ಕಾನ್ಸುಲೇಟಿನ ಕಾಗದ ಬರುವವರೆಗೆ ಇನ್ನೊಂದು ಜಾಗದಲ್ಲಿ ಎರಡು ತಿಂಗಳು ಕಾದೆ. ನಿಮ್ಮವರ ಪಾಸ್‌ಪೋರ್ಟ್ ಈಗ ಕೋರ್ಟಿನವರ ಹತ್ತಿರ ಇರುತ್ತದೆ. ಅವಧಿ ಯಾವಾಗ ಮುಗಿಯುತ್ತದೆ, ನವೀಕರಿಸಬಹುದಾ ಅಂತ ಲಾಯರ್ ಮೂಲಕ ಕೇಳಿ.

ಫೈಲು ಕಟ್ಟು:

ಕ್ಯಾಲಿಫೋರ್ನಿಯಾದಲ್ಲಿ ಕ್ರಿಮಿನಲ್ ಲಾಯರ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪ್ಯಾರಾಲೀಗಲ್, ಅಂದರೆ ಲಾಯರಿಗೆ ಸಹಾಯಕ, ಆಗಿದ್ದೇನೆ. ನಾನು ಲಾಯರ್ ಅಲ್ಲ. ಆದರೆ ಪತ್ರಗಳನ್ನು ಜೋಡಿಸಿ ಕಟ್ಟುವುದು ನನ್ನ ಕೆಲಸ, ಹಾಗಾಗಿ ಅದರ ಬಗ್ಗೆ ಬರೆಯುತ್ತೇನೆ.

ನಿಮ್ಮ ಲಾಯರ್ ಹೇಳಿದ 18ರಿಂದ 24 ತಿಂಗಳ ಲೆಕ್ಕ ಬರುವುದು ಶಿಕ್ಷೆಯ ಕೋಷ್ಟಕದಿಂದ. 2005ರಿಂದ ಈಚೆಗೆ ಆ ಕೋಷ್ಟಕ ಜಡ್ಜ್‌ಗೆ ಸಲಹೆ ಮಾತ್ರ, ಕಟ್ಟುಪಾಡು ಅಲ್ಲ. ಮನುಷ್ಯ ಯಾರು, ಏನು ಬದುಕಿದ್ದಾನೆ ಅನ್ನುವುದನ್ನೂ ನೋಡಬೇಕು ಎಂದು ಕಾನೂನೇ ಹೇಳುತ್ತದೆ. ಮೆಕಿನ್ಸಿ ಕಂಪನಿಯ ಮಾಜಿ ಮುಖ್ಯಸ್ಥ ರಜತ್ ಗುಪ್ತಾ ಅವರ ಕೇಸು ನೆನಪಿರಬಹುದು, ಷೇರು ಪೇಟೆಗೆ ಒಳಗುಟ್ಟು ಬಿಟ್ಟುಕೊಟ್ಟದ್ದು. 2012ರಲ್ಲಿ ಕೋಷ್ಟಕದ ಪ್ರಕಾರ 78ರಿಂದ 97 ತಿಂಗಳು ಬರುತ್ತಿತ್ತು, ಜಡ್ಜ್ ಜೆಡ್ ರೇಕಾಫ್ ಕೊಟ್ಟದ್ದು 24 ತಿಂಗಳು. ನಾನೂರಕ್ಕೂ ಹೆಚ್ಚು ಪತ್ರ ಬಂದಿದ್ದವು, ಬಿಲ್ ಗೇಟ್ಸ್, ಕೋಫಿ ಅನ್ನಾನ್ ಕೂಡ ಬರೆದಿದ್ದರು. ಆದರೆ ಇದನ್ನು ಓದಿ ದೊಡ್ಡವರ ಬೆನ್ನು ಹತ್ತಬೇಡಿ. ಜಡ್ಜ್‌ಗೆ ಬೇಕಿರುವುದು ಯಜಮಾನರನ್ನು ಹತ್ತಿರದಿಂದ ಕಂಡವರ ಮಾತು. ಹತ್ತು ಹದಿನೈದು ಒಳ್ಳೆಯ ಪತ್ರ ಸಾಕು.

ನಮ್ಮವರು ಮಾಡುವ ದೊಡ್ಡ ತಪ್ಪು, ಒಬ್ಬರು ಬರೆದು ಮೂವತ್ತು ಜನ ಸಹಿ ಹಾಕಿ ಕಳಿಸುವುದು. ಒಂದು ಊರಿನ ಸಂಘದಿಂದ ಹಾಗೆ ಬಂದ ಕಟ್ಟನ್ನು ನಾನೇ ನೋಡಿದ್ದೇನೆ, ಮೂವತ್ತರಲ್ಲೂ ಅದೇ ಕಾಗುಣಿತದ ತಪ್ಪು. ಎರಡನೆಯ ತಪ್ಪು, "ಇವರು ಅಂಥವರಲ್ಲ, ಯಾರೋ ಸಿಕ್ಕಿಸಿದ್ದಾರೆ" ಎಂದು ಬರೆಯುವುದು. ತಪ್ಪೊಪ್ಪಿಕೊಂಡ ಮೇಲೆ ಹಾಗೆ ಬರೆದರೆ ಅವರಿಗೇ ಕೆಡುಕು. ಪತ್ರದ ಮೊದಲಲ್ಲೇ ಬರೆದವರು ಯಾರು, ಎಷ್ಟು ವರ್ಷದ ಪರಿಚಯ, ತಪ್ಪೊಪ್ಪಿಕೊಂಡಿದ್ದು ತಮಗೆ ಗೊತ್ತು ಅನ್ನುವುದು ಬರಲಿ. ಆಮೇಲೆ ತಾವು ಕಣ್ಣಾರೆ ಕಂಡ ಒಂದು ಘಟನೆ. "ಬಹಳ ಒಳ್ಳೆಯವರು" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಆಸ್ಪತ್ರೆಯಲ್ಲಿ ನನ್ನ ಅಪ್ಪನ ಪಕ್ಕ ನಾಲ್ಕು ರಾತ್ರಿ ಕೂತಿದ್ದರು ಅಂದರೆ ಜಡ್ಜ್ ಓದುತ್ತಾರೆ. ಪತ್ರಗಳನ್ನು ಜಡ್ಜ್‌ಗೆ ನೇರ ಕಳಿಸಬೇಡಿ, ಲಾಯರ್ ಕೈಗೆ ಕೊಡಿ.

ಎಲ್ಲಕ್ಕಿಂತ ಬೆಲೆ ಇರುವುದು ಅಮ್ಮನ ಪತ್ರಕ್ಕೆ. ಅವರು ಕನ್ನಡದಲ್ಲೇ, ತಮ್ಮ ಕೈಬರಹದಲ್ಲೇ ಬರೆಯಲಿ. ಅನುವಾದ ಮಾಡಿಸಿ, ಅನುವಾದಕರ ಸಹಿಯ ಪ್ರಮಾಣದ ಜೊತೆ ಎರಡನ್ನೂ ಕೊಡಬಹುದು. ಆದರೆ ಅದಕ್ಕೆ ನೀವು ಅತ್ತೆಗೆ ವಿಷಯ ಹೇಳಲೇಬೇಕಾಗುತ್ತದೆ.

ರೆಸ್ಟಿಟ್ಯೂಷನ್, ಅಂದರೆ ವಾಪಸ್ ಕಟ್ಟುವ ಹಣ, ಇಂಥ ಕೇಸುಗಳಲ್ಲಿ ಕಡ್ಡಾಯ. ಅದಕ್ಕೆ 1996ರಿಂದ ಕಾನೂನೇ ಇದೆ. ಶಿಕ್ಷೆಯ ದಿನಕ್ಕೆ ಮುಂಚೆಯೇ ಸ್ವಲ್ಪವಾದರೂ ಕಟ್ಟಿದರೆ ಪಶ್ಚಾತ್ತಾಪ ಬರೀ ಬಾಯಿಮಾತಲ್ಲ ಅಂತ ಕಾಣುತ್ತದೆ. ಎಷ್ಟು, ಹೇಗೆ ಅನ್ನುವುದನ್ನು ಲಾಯರ್ ಹೇಳಲಿ. ಆ ದಿನ ಜಡ್ಜ್ ಯಜಮಾನರಿಗೇ ಮಾತಾಡಲು ಅವಕಾಶ ಕೊಡುತ್ತಾರೆ. ಒಂದು ಪುಟ ಸಾಕು, ಅವರೇ ಬರೆಯಲಿ. ಹೆಂಡತಿ ಮಕ್ಕಳ ಕಷ್ಟದಿಂದ ಶುರು ಮಾಡುವುದು ಬೇಡ. ಮೆಡಿಕೇರ್ ಹಣ ವಯಸ್ಸಾದವರ ಔಷಧದ ಹಣ, ಅದನ್ನು ಮೊದಲು ಹೇಳಲಿ. ತಾನಾಗಿ ಹೋಗಿ ಶರಣಾಗಲು ಅವಕಾಶ ಕೊಡಿ ಎಂದು ಅದೇ ದಿನ ಕೇಳಬೇಕು. ಅದು ಸಿಕ್ಕರೆ ಜೈಲು ಗೊತ್ತು ಮಾಡುವ ಲೆಕ್ಕದಲ್ಲಿ ಅಂಕ ಕಡಿಮೆಯಾಗುತ್ತದೆ, ಕೋಳ ಹಾಕಿ ಬಸ್ಸಿನಲ್ಲಿ ಊರೂರು ಸುತ್ತಿಸುವುದೂ ತಪ್ಪುತ್ತದೆ.

ಮಲ್ಲಿಗೆ ಹಂಬು:

ಅಕ್ಕಾ, ನಮ್ಮ ಮನೆಯವರು 14 ತಿಂಗಳು ಒಳಗಿದ್ದು ಬಂದರು. ಒಳಗೆ ಹೋಗುವವರ ಕಡೆಯದನ್ನು ಬೇರೆಯವರು ಹೇಳಿದ್ದಾರೆ, ನಾನು ನಿಮ್ಮ ಕಡೆಯದು ಹೇಳುತ್ತೇನೆ.

ಮನೆಯ ಕರೆಂಟ್ ಬಿಲ್ಲಿನಿಂದ ಹಿಡಿದು ಕಾರಿನ ಇನ್ಶೂರೆನ್ಸ್‌ವರೆಗೆ ಎಲ್ಲ ನಮ್ಮವರ ಹೆಸರಲ್ಲಿತ್ತು, ಪಾಸ್‌ವರ್ಡ್ ಅವರ ತಲೆಯಲ್ಲಿತ್ತು. ಅವರು ಹೋದ ಎರಡನೇ ವಾರಕ್ಕೆ ಫೋನ್ ಕಂಪನಿಯವರು ಕೋಡ್ ಕಳಿಸಿದ್ದು ಅವರ ಬಂದ್ ಆದ ನಂಬರಿಗೆ. ಈಗಲೇ ಇಬ್ಬರೂ ಒಂದು ಪುಸ್ತಕ ಇಟ್ಟು ಬರೆದುಕೊಳ್ಳಿ, ಒಂದೊಂದನ್ನೇ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಅವರ ನಂಬರ್ ಬಂದ್ ಮಾಡಬೇಡಿ. ಇಲ್ಲಿಗೆ ಒಂದು ಪವರ್ ಆಫ್ ಅಟಾರ್ನಿ, ಊರಿಗೆ ಇನ್ನೊಂದು. ಊರಿನದಕ್ಕೆ ನೋಟರಿ ಮುಂದೆ ಸಹಿ, ಅಪೊಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯಲು ಹಾಕುವ ಸರ್ಕಾರಿ ಮುದ್ರೆ), ಆಮೇಲೆ ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ನಮ್ಮದು ಆ ಮೂರು ತಿಂಗಳು ಮಾವನ ಬೀರುವಿನಲ್ಲೇ ಕಳೆಯಿತು.

ದುಡ್ಡು ಕಳಿಸುವುದು ವೆಸ್ಟರ್ನ್ ಯೂನಿಯನ್, ಮನಿಗ್ರಾಂ, ಇಲ್ಲವೇ ಪೋಸ್ಟಲ್ ಮನಿ ಆರ್ಡರ್. ಮನಿ ಆರ್ಡರ್ ಹೋಗಬೇಕಾದ್ದು ಜೈಲಿಗಲ್ಲ, ಐಯೊವಾದ ಡಿ ಮೊಯಿನ್‌ಗೆ. ಹೆಸರಿನ ಜೊತೆ ಎಂಟು ಅಂಕಿಯ ಕೈದಿ ನಂಬರ್ ತಪ್ಪದೆ ಇರಬೇಕು. ಒಳಗಿನ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಕೊಡುತ್ತಾರೆ, ಅದರಲ್ಲಿ ಏನೂ ಆಗುವುದಿಲ್ಲ. ಫೋನ್ ಒಂದು ಸಲಕ್ಕೆ 15 ನಿಮಿಷ, ತಿಂಗಳಿಗೂ ಮಿತಿ ಇದೆ. ಕೋರ್‌ಲಿಂಕ್ಸ್ ಅಂತ ಇಮೇಲ್ ಇದೆ, ನಾವು ದಿನಾ ರಾತ್ರಿ ಅದರಲ್ಲೇ ಬರೆದುಕೊಳ್ಳುತ್ತಿದ್ದೆವು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ. ಎಲ್ಲವನ್ನೂ ಓದುತ್ತಾರೆ, ಕೇಳುತ್ತಾರೆ ಅನ್ನುವುದು ನೆನಪಿರಲಿ, ಕೇಸಿನ ಮಾತು ಬೇಡ.

ಭೇಟಿಗೆ ಮೊದಲ ಸಲ ನಾನು ಖಾಕಿ ಬಣ್ಣದ ಪ್ಯಾಂಟ್ ಹಾಕಿಕೊಂಡು ಹೋಗಿದ್ದೆ. ಕೈದಿಗಳ ಬಟ್ಟೆಯ ಬಣ್ಣ ಎಂದು ವಾಪಸ್ ಕಳಿಸಿದರು. ಮೂರು ಗಂಟೆ ಡ್ರೈವ್ ಮಾಡಿ ಹೋಗಿದ್ದೆ, ಪಾರ್ಕಿಂಗ್‌ನಲ್ಲಿ ಕೂತು ಅತ್ತುಬಿಟ್ಟೆ. ಹೊರಡುವ ಮುಂಚೆ ಆ ಜೈಲಿನ ನಿಯಮ ಓದಿ, ಕಾರಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.

ಮಕ್ಕಳಿಗೆ ನಿಜ ಹೇಳಿ. ನಾವು ಮಗನಿಗೆ "ಅಪ್ಪ ಪ್ರಾಜೆಕ್ಟಿಗೆ ಹೋಗಿದ್ದಾರೆ" ಅಂದಿದ್ದೆವು. ಅವನು ಶಾಲೆಯಲ್ಲಿ ಬೇರೆ ಹುಡುಗನ ಬಾಯಿಂದ ಕೇಳಿದ. ಸರ್ಕಾರಿ ವಕೀಲರ ಕಚೇರಿಯ ಪ್ರಕಟಣೆ ಗೂಗಲ್ ಮಾಡಿದರೆ ಮೊದಲೇ ಬರುತ್ತೆ ಅಕ್ಕಾ. ಅಪ್ಪ ಜೈಲಿಗೆ ಹೋಗಿದ್ದಕ್ಕಲ್ಲ, ನಾನು ಸುಳ್ಳು ಹೇಳಿದ್ದಕ್ಕೆ ಅವನು ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದ. ಅತ್ತೆಗೂ ಬೇರೆಯವರಿಂದ ಗೊತ್ತಾಗುವ ಮುಂಚೆ ನೀವೇ ಹೇಳಿ.

ಹೇಮಾವತಿ ದಂಡೆ:

ಊಟ, ಲಿಂಗ ಕೇಳಿದ್ದಿರಿ, ಬಿಟ್ಟುಹೋಗಿತ್ತು. ಮಾಂಸವಿಲ್ಲದ ಊಟ ಕೇಳಿದರೆ ಕೊಡುತ್ತಾರೆ. ಅನ್ನ, ಬೀನ್ಸ್, ಕಡಲೆಕಾಯಿ ಬೆಣ್ಣೆ, ಸೋಯಾ, ಹೀಗೇ. ಉಪ್ಪು ಖಾರ ಕಮಿಸರಿಯಿಂದ, ಅಂದರೆ ಜೈಲಿನೊಳಗಿನ ಅಂಗಡಿಯಿಂದ, ನಾವೇ ಕೊಳ್ಳಬೇಕು. ಕಲ್ಲಿಲ್ಲದ ಸಾದಾ ಮದುವೆ ಉಂಗುರ ಬಿಡುತ್ತಾರೆ. ಲಿಂಗದ ವಿಷಯವನ್ನು ಜೈಲು ಗೊತ್ತಾದ ತಕ್ಷಣ ಅಲ್ಲಿನ ಚಾಪ್ಲಿನ್‌ಗೆ (ಜೈಲಿನಲ್ಲಿ ಧರ್ಮದ ವಿಷಯ ನೋಡಿಕೊಳ್ಳುವವರು) ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ಮಾಡಿ ಕೈಯಲ್ಲಿ ಹಿಡಿದು ಹೋಗಲಿ. ಬೆಳ್ಳಿ ಕರಡಿಗೆ ಮನೆಯಲ್ಲೇ ಇರಲಿ. ಪಿಎಸ್‌ಆರ್ ಪ್ರತಿಯನ್ನು ಒಳಗೆ ಒಯ್ಯುವಂತಿಲ್ಲ.

ಸಂಜೆ ನಾಲ್ಕಕ್ಕೆ ಎದ್ದು ನಿಲ್ಲಿಸಿ ಎಣಿಸುತ್ತಾರೆ, ದಿನವೂ. ಆಗ ಬಾಯಿ ಮುಚ್ಚಿ ನಿಲ್ಲುವುದು. ಯಾರ ಹತ್ತಿರವೂ ಸಾಲ ಬೇಡ, ಜೂಜು ಬೇಡ, ಟಿವಿ ಕೋಣೆಯಲ್ಲಿ ಯಾರದೋ ಕುರ್ಚಿಯಲ್ಲಿ ಕೂರುವುದು ಬೇಡ, ಇನ್ನೊಬ್ಬರ ಕೇಸು ಕೇಳುವುದು ಬೇಡ. ಇಷ್ಟು ಪಾಲಿಸಿದರೆ ದಿನ ಹೋಗುತ್ತದೆ. ನಾನು ಅಲ್ಲಿ ಇಬ್ಬರು ಮುದುಕರಿಗೆ ಓದುವುದು ಕಲಿಸಿದೆ. ಅದೇ ನನ್ನನ್ನು ಉಳಿಸಿತು.

ದೂರದೂರು:

ಒಂದೇ ಮಾತು. ಈಗ ನಿಮಗೆ ಜೈಲು ಸಲಹೆಗಾರರು ಅಂತ ಫೋನ್ ಬರಬಹುದು. ನನ್ನ ಭಾವನಿಗೆ ಒಬ್ಬರು ಎಂಟು ಸಾವಿರ ಡಾಲರ್ ತಗೊಂಡು, ಕುಡಿತದ ಚಟ ಇದೆ ಅಂತ ಸುಳ್ಳು ಹೇಳಲು ಹೇಳಿಕೊಟ್ಟರು. ಭಾವ ಹೇಳಲಿಲ್ಲ, ದುಡ್ಡು ಮಾತ್ರ ಹೋಯಿತು. ಆ ದುಡ್ಡನ್ನು ವಲಸೆ ಲಾಯರ್‌ಗೆ ಕೊಡಿ.

ಕಲ್ಪತರು ಸೊಸೆ:

ಮೂರು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ವಲಸೆ ಲಾಯರ್ ಸಿಕ್ಕಿದ್ದಾರೆ. ಹೇಮಾವತಿ ಅಣ್ಣ ಹೇಳಿದ್ದನ್ನೇ ಅವರೂ ಹೇಳಿದರು, ಆದರೆ ಇನ್ನೂ ನೋಡಬೇಕಾದ ಒಂದೆರಡು ದಾರಿ ಇದೆಯಂತೆ. ಪ್ರೊಬೇಷನ್ ಆಫೀಸರ್ ಎರಡೂವರೆ ಗಂಟೆ ಮಾತಾಡಿಸಿದರು. ಡಾಕ್ಟರ್ ಕಾಗದ ಕೊಟ್ಟೆವು, ತೋಟದ ಪಹಣಿಯನ್ನೂ ಕೊಟ್ಟೆವು.

ಅತ್ತೆಗೆ ಇವರೇ ವಿಡಿಯೋ ಕಾಲ್‌ನಲ್ಲಿ ಹೇಳಿದರು. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಮಾರನೇ ದಿನ ಬೆಳಗ್ಗೆ ಪತ್ರ ಬರೆದು ಫೋಟೋ ತೆಗೆಸಿ ಕಳಿಸಿದ್ದಾರೆ, ಗೆರೆ ಹಾಳೆಯಲ್ಲಿ ಎರಡು ಪುಟ. ಮಾವ ತೀರಿಕೊಂಡ ವರ್ಷ ಇವರು ಶಾಲೆಗೆ ಹೋಗುವ ಮುಂಚೆ ಕೊಬ್ಬರಿ ಮಂಡಿಯಲ್ಲಿ ಚೀಲ ಹೊಲಿದು ತಂಗಿಯ ಫೀಸು ಕಟ್ಟಿದ್ದನ್ನು ಬರೆದಿದ್ದಾರೆ. ಮದುವೆಯಾದ ಈ ಹದಿನಾರು ವರ್ಷದಲ್ಲಿ ಇವರು ನನಗೆ ಇದನ್ನು ಹೇಳಿಯೇ ಇರಲಿಲ್ಲ. ಪತ್ರದ ಮೊದಲ ಸಾಲು, "ನನ್ನ ಮಗ ತಪ್ಪು ಮಾಡಿದ್ದಾನೆ, ನನಗೆ ಗೊತ್ತು."

ಆಮೇಲೆ ಅತ್ತೆ ನನ್ನನ್ನು ಕೇಳಿದ್ದು ಅಲ್ಲಿ ಚಳಿಗೆ ಏನು ಕೊಡುತ್ತಾರೆ ಅಂತ. ಇಲ್ಲಿಂದ ಸ್ವೆಟರ್ ಕಳಿಸಬಹುದಾ?

ಮಲ್ಲಿಗೆ ಹಂಬು:

ಕಳಿಸುವ ಹಾಗಿಲ್ಲ ಅಕ್ಕಾ, ಮನೆಯಿಂದ ಬಟ್ಟೆ ತಗೊಳ್ಳುವುದಿಲ್ಲ. ಜಾಕೆಟ್ ಅವರೇ ಕೊಡುತ್ತಾರೆ. ಸ್ವೆಟ್‌ಶರ್ಟ್, ಥರ್ಮಲ್ ಕಮಿಸರಿಯಲ್ಲಿ ಸಿಗುತ್ತೆ. ಮೊದಲ ವಾರ ಕೊಳ್ಳಲು ಆಗುವ ಹಾಗೆ, ಅವರು ಒಳಗೆ ಹೋದ ದಿನವೇ ದುಡ್ಡು ಹಾಕಿಬಿಡಿ.